ಪೊರಕೆ ಅಕ್ಕನಿಗೆ ಸಿಕ್ಕ ಮೂರನೆಯ ನಕಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊಟದ ಮೇಜಿನ ಒಂದು ತುದಿಯಲ್ಲಿ ತೊಳೆದಿಟ್ಟ ತಟ್ಟೆಗಳು, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್. ಮೊಣಕೈ ಊರಿ ಕುಳಿತ ಪೊರಕೆ ಅಕ್ಕ ಪರದೆಯ ಮೇಲಿನ ಕೋಡ್ ಸಾಲುಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಾರೆ. ಒಂದು ಹೆಸರಿನ ಬಳಿ ನಿಲ್ಲುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಅಳಿಸಿ ಬೇರೆ ಬರೆಯುತ್ತಾರೆ.

"ಮಗುಗೆ ಹೆಸರಿಡೋಕೆ ಮನೆಯವರೆಲ್ಲ ಕೂತು ತಲೆ ಕೆಡಿಸ್ಕೋತಾರೆ," ಎಂದು ಕಣ್ಣೆತ್ತದೆಯೇ ನಗುತ್ತಾರೆ. "ಇಲ್ಲಿ ನೋಡಿ, ತಾತ್ಕಾಲಿಕ ಅಂತ ಟೆಂಪ್ ಒಂದು, ಟೆಂಪ್ ಎರಡು. ಯಾರು ಯಾರ ಮಗು ಅಂತ ಹೇಗೆ ಗೊತ್ತಾಗ್ಬೇಕು?"

ಮಾತ್ರೆಯ ಹೊತ್ತು ನೆನಪಿಸುವ ಮೊಬೈಲ್ ಆಪ್ ನಡೆಸುವ ಪುಟ್ಟ ಕಂಪನಿಯೊಂದರಲ್ಲಿ ಅವರು ಡೆವಲಪರ್. ಮೊದಲು ಸೇರಿದ್ದು ಗ್ರಾಹಕರ ದೂರು ಕೇಳುವ ಕೆಲಸಕ್ಕೆ. ಒಂದೇ ದೂರು ಮತ್ತೆ ಮತ್ತೆ ಯಾಕೆ ಬರುತ್ತದೆ ಎಂಬ ಹುಳ ತಲೆಗೆ ಹೊಕ್ಕು, ಮಗಳನ್ನು ಶಾಲೆಗೆ ಕಳಿಸಿದ ಮೇಲಿನ ಬಿಡುವಿನಲ್ಲಿ ಕೋಡ್ ಬರೆಯುವುದನ್ನು ಕಲಿತರು. ಜೊತೆಯವರು ಕಣ್ಣಿಗೆ ಕಾಣುವ ಹೊಸ ಸೌಲಭ್ಯಗಳನ್ನು ಕಟ್ಟಿ ಬಡ್ತಿ ಪಡೆದರು. ಈಕೆ ಮಾತ್ರ ಯಾರೋ ಬರೆದು ಬಿಟ್ಟುಹೋದದ್ದನ್ನು ಬಿಡಿಸಿ, ಒಂದು ತುಣುಕಿಗೆ ಒಂದೇ ಕೆಲಸ ವಹಿಸಿ, ಅರ್ಥವಾಗುವ ಹೆಸರಿಡುತ್ತ ಕೂತರು. ಪೊರಕೆ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಆಗಲೇ. ಓಡುತ್ತಿರುವುದಕ್ಕೆ ಯಾಕೆ ಕೈ ಹಾಕುತ್ತೀರಿ ಎಂದು ಮ್ಯಾನೇಜರ್ ಪ್ರತಿ ಸಲ ಗೊಣಗುತ್ತಿದ್ದರು.

ಅದೊಂದು ಬೆಳಿಗ್ಗೆಯೂ ಅವರು ಇದೇ ಮೇಜಿನ ಮುಂದಿದ್ದರು. ಗಂಟೆ ಬಾರಿಸುವ ಕೋಡ್ ಒಂದು ಕಡೆ ಇರಬೇಕಾದದ್ದು ಮೂರು ಕಡೆ ನಕಲಾಗಿತ್ತು. ಮೂರನ್ನೂ ಒಂದು ಮಾಡೋಣವೆಂದು ಅಕ್ಕಪಕ್ಕ ಇಟ್ಟುಕೊಂಡು ಓದಿದರು. ಮೂರನೆಯದರಲ್ಲಿ ಒಂದು ಸಾಲು ಇರಲಿಲ್ಲ: ಮಾತ್ರೆ ಆಗಲೇ ನುಂಗಿಯಾಗಿದೆಯೇ ಎಂದು ನೋಡುವ ಸಾಲು. ಫೋನ್ ಆಫ್ ಆಗಿ ಮತ್ತೆ ಆನ್ ಆದಾಗ ಓಡುತ್ತಿದ್ದದ್ದು ಆ ಮೂರನೆಯ ನಕಲೇ. ಅಂದರೆ, ನುಂಗಿದವರಿಗೂ ಮತ್ತೆ ಗಂಟೆ.

ಅವರ ಕೈ ಕೀಲಿಗಳ ಮೇಲೆಯೇ ನಿಂತುಬಿಟ್ಟಿತು. ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಅದೇ ಆಪ್ ಬಳಸುತ್ತಿದ್ದರು. ಅವರದು ಬ್ಯಾಟರಿ ನಿಲ್ಲದ ಹಳೆಯ ಫೋನ್. ಕೆಲವು ತಿಂಗಳಿಂದ ಅತ್ತೆಗೆ ತಲೆ ಸುತ್ತು. ಒಮ್ಮೆ ಬಚ್ಚಲಲ್ಲಿ ಕುಸಿದಿದ್ದರು. ವಯಸ್ಸಾಯಿತು, ಏನು ಮಾಡುವುದು ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಸೊಸೆಯೂ.

ಎಬ್ಬಿಸಿ ಕೇಳಿದರು. ಅತ್ತೆ ಹಾಸಿಗೆಯಲ್ಲೇ ಎದ್ದು ಕುಳಿತು ಸಾವಧಾನವಾಗಿ ಹೇಳಿದರು: "ಒಂದೊಂದ್ಸಲ ಎರಡು ಸರ್ತಿ ಬಡ್ಕೊಳ್ಳುತ್ತಮ್ಮ. ತಗೊಂಡೆನಲ್ಲ ಅನ್ಸುತ್ತೆ. ಆದ್ರೆ ನೀನು ಮಾಡಿರೋದಲ್ವಾ, ನನಗಿಂತ ಅದಕ್ಕೇ ಚೆನ್ನಾಗಿ ನೆನಪಿರುತ್ತೆ ಅಂತ ನುಂಗಿಬಿಡ್ತಿದ್ದೆ."

ರಕ್ತದೊತ್ತಡ ಇಳಿಸುವ ಮಾತ್ರೆ, ಎರಡೆರಡು. ಪೊರಕೆ ಅಕ್ಕ ಅತ್ತೆಯನ್ನು ಗಂಡನ ಜೊತೆ ಡಾಕ್ಟರ ಹತ್ತಿರ ಕಳಿಸಿ, ತಾವು ಆಫೀಸಿಗೆ ಓಡಿದರು. ಬಾಚಣಿಗೆ ತಲೆಯಲ್ಲೇ ಸಿಕ್ಕಿಕೊಂಡಿತ್ತೆಂದು ಗೊತ್ತಾದದ್ದು ಲಿಫ್ಟಿನ ಕನ್ನಡಿಯಲ್ಲಿ.

ಮ್ಯಾನೇಜರ್ ಬಿಳಿಚಿಕೊಂಡರು. ಮುಂದಿನ ಅಪ್‌ಡೇಟಿನಲ್ಲಿ ಸದ್ದಿಲ್ಲದೆ ಸರಿಪಡಿಸೋಣ, ಊರಿಗೆಲ್ಲ ಡಂಗುರ ಸಾರಿದರೆ ಕಂಪನಿ ಉಳಿಯುವುದಿಲ್ಲ ಎಂದರು. ಪೊರಕೆ ಅಕ್ಕ ಕೂರಲಿಲ್ಲ.

"ನಾಳೆ ಬೆಳಿಗ್ಗೆ ಮತ್ತೆ ಗಂಟೆ ಹೊಡೆಯುತ್ತೆ ಸಾರ್. ನಮ್ಮತ್ತೆಗೆ ಬೇಡ ಅನ್ನೋಕೆ ನಾನಿದ್ದೀನಿ. ಉಳಿದೋರಿಗೆ ಯಾರಿದ್ದಾರೆ?"

ಮ್ಯಾನೇಜರ್ ಮಣಿದರು; ಮಧ್ಯಾಹ್ನದೊಳಗೆ ಎಲ್ಲ ಬಳಕೆದಾರರಿಗೂ ಎಚ್ಚರಿಕೆಯ ಸಂದೇಶ ಹೋಯಿತು. ಆಮೇಲೆ ಫೋನುಗಳು ಒಂದೇ ಸಮನೆ ಹೊಡೆದುಕೊಂಡವು. ಪೊರಕೆ ಅಕ್ಕ ದೂರು ಕೇಳುವ ತಮ್ಮ ಹಳೆಯ ಕುರ್ಚಿಗೆ ಹೋಗಿ ಕರೆ ತೆಗೆದುಕೊಂಡರು. ಬೈದವರಿದ್ದರು, ಅತ್ತವರಿದ್ದರು. ಒಬ್ಬ ಹೆಂಗಸು ಮಾತ್ರ ಬೈಯಲಿಲ್ಲ. ಗಂಡ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ. ನೋಡಿ ನಡೀಬಾರ್ದಾ ಅಂತ ಅವರನ್ನೇ ಬೈದಿದ್ದೆನಲ್ಲ ಎಂದು ಫೋನ್ ಇಟ್ಟರಂತೆ.

ಕಂಪನಿ ಅರ್ಧಕ್ಕರ್ಧ ಬಳಕೆದಾರರನ್ನು ಕಳೆದುಕೊಂಡಿತು, ಮುಳುಗಲಿಲ್ಲ. ಈಗ ಇನ್ನೊಬ್ಬರು ಓದಿ ಒಪ್ಪದೆ ಅಲ್ಲಿ ಕೋಡಿನ ಒಂದು ಸಾಲೂ ಹೊರಗೆ ಹೋಗುವುದಿಲ್ಲ. ಒಂದೇ ಕೆಲಸ ಎರಡು ಕಡೆ ಕಂಡರೆ ವಾಪಸ್. ಹಾಗೆ ಓದಿ ನೋಡುವ ತಂಡಕ್ಕೆ ಮುಖ್ಯಸ್ಥೆ ಪೊರಕೆ ಅಕ್ಕನೇ. ಅತ್ತೆಯ ತಲೆಸುತ್ತು ನಿಂತಿದೆ. ಆದರೂ ಮಾತ್ರೆ ಕೈಗೆತ್ತಿಕೊಂಡಾಗ ಸೊಸೆಯ ಮುಖ ನೋಡುತ್ತಾರೆ.

ಆ ಮೂರನೆಯ ನಕಲು ಮಾಡಿದವರು ಯಾರೆಂದು ಕೇಳಿದರೆ ಪೊರಕೆ ಅಕ್ಕ ತಲೆಯಾಡಿಸುತ್ತಾರೆ. "ಯಾವಾಗ್ಲೋ ಬಿಟ್ಟುಹೋದ ಹುಡುಗ. ಕೆಟ್ಟವನೇನಲ್ಲ, ಅವಸರದಲ್ಲಿದ್ದ." ಮುಂದೆ ಏನಾಸೆ ಎಂದರೆ ಲ್ಯಾಪ್‌ಟಾಪ್ ಮುಚ್ಚುತ್ತಾರೆ.

"ನಾಳೆ ನಾನೂ ಬಿಟ್ಟು ಹೋಗ್ತೀನಲ್ಲ. ನಾನು ಬರೆದಿದ್ದನ್ನ ಓದೋರಿಗೆ, ಇದನ್ನ ಬರೆದೋರು ಯಾರು ಅಂತ ಕೇಳೋ ಪ್ರಸಂಗ ಬರಬಾರದು. ಅಷ್ಟಾದ್ರೆ ಸಾಕು."