ಹೊಗಳಿಕೆಯನ್ನು ನಂಬದ ಯಶೋಧರಾ

ಯಶೋಧರಾಳನ್ನು ನಾನು ಮೊದಲು ನೋಡಿದ್ದು ಶಿಡ್ಲಘಟ್ಟದ ಗ್ರಂಥಾಲಯದಲ್ಲಿ, ಜೂನ್ ತಿಂಗಳ ಒಂದು ಬುಧವಾರ ಬೆಳಿಗ್ಗೆ. ಫ್ಯಾನ್ ಗಾಳಿಗೆ ಹಾಳೆ ಹಾರದಂತೆ ನೋಟ್‌ಬುಕ್ಕಿನ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ನೀಲಿ ಚೂಡಿದಾರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆರಳ ತುದಿಗಳು ಕಪ್ಪಾಗಿದ್ದವು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, ನಾನೂ ಬ್ಯಾಂಕ್ ಪರೀಕ್ಷೆಗೆ ಓದುವವಳೆಂದು ತಿಳಿದು, ಒಂದು ಇಂಗ್ಲಿಷ್ ಗದ್ಯಭಾಗವನ್ನು ನನ್ನತ್ತ ತಳ್ಳಿದಳು.

“ಇದನ್ನ ಬರ್ದೋರು ಹೊಗಳ್ತಾವ್ರಾ, ಆಡ್ಕೊಳ್ತಾವ್ರಾ, ಸ್ವಲ್ಪ ನೋಡಿ ಹೇಳ್ತೀರಾ?”

ಒಬ್ಬ ವೈದ್ಯೆಯನ್ನು ಮೊದಲಿನಿಂದ ಕೊನೆಯವರೆಗೂ ಮೆಚ್ಚಿ ಬರೆದ ಗದ್ಯ ಅದು. ಅವಳು ‘ಸಾರ್ಕಾಸ್ಟಿಕ್’, ಅಂದರೆ ವ್ಯಂಗ್ಯ, ಎಂದು ಗುರುತು ಹಾಕಿದ್ದಳು.

ಪದ ಗೊತ್ತಿಲ್ಲದೆ ತಪ್ಪಿದ್ದಲ್ಲ. ಲೇಖಕರ ಧಾಟಿಯನ್ನು ಹೇಳುವ ಪದಗಳನ್ನು ದಿನಕ್ಕೆ ನಾಲ್ಕರಂತೆ ಕಲಿಯುತ್ತಿದ್ದಳು. ಪ್ರತಿ ಪದದ ಮುಂದೆ ಹಾಗೆ ಮಾತಾಡುವ ಊರಿನವರೊಬ್ಬರ ಹೆಸರಿತ್ತು. ಹಳೆಯ ದಿನಗಳನ್ನೇ ನೆನೆಯುವ ‘ನಾಸ್ಟಾಲ್ಜಿಕ್’ಗೆ ತಾತ ಮುನಿಗಂಗಪ್ಪ, ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ‘ಇಂಡಿಫರೆಂಟ್’ಗೆ ಎಂಟೂವರೆ ಬಸ್ಸಿನ ಕಂಡಕ್ಟರ್. ಆದರೂ ಧಾಟಿಯ ಪ್ರಶ್ನೆಗಳಲ್ಲೇ ಎಡವುತ್ತಿದ್ದಳು. ಇಂಗ್ಲಿಷ್ ವಿಭಾಗದಲ್ಲಿ ಎರಡು ಸಲ ಸ್ವಲ್ಪದರಲ್ಲೇ ಪಾಸಾಗುವುದು ತಪ್ಪಿಹೋಗಿತ್ತು. ವಯಸ್ಸಿನ ಮಿತಿಯ ಪ್ರಕಾರ ಆ ವರ್ಷದ್ದೇ ಅವಳಿಗೆ ಕೊನೆಯ ಪರೀಕ್ಷೆ.

ಕಾರಣ ತಿಳಿದದ್ದು ಅವಳ ಮನೆಯಲ್ಲಿ. ಆಗಸ್ಟ್‌ನಲ್ಲಿ ಒಮ್ಮೆ ಅವಳ ಜೊತೆ ಊರಿಗೆ ಹೋಗಿದ್ದೆ. ಕಾಲು ತೊಳೆದು, ಸೋಂಕು ಒಳಗೆ ಬಾರದಂತೆ ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ರೇಷ್ಮೆ ಹುಳುವಿನ ಮನೆಯೊಳಗೆ ಹೋದೆವು. ನಾನು ತೊಂಡೇಬಾವಿ ಕಡೆಯವಳು. ನಮ್ಮದು ಮುಸುಕಿನ ಜೋಳದ ಬೆಳೆ, ರೇಷ್ಮೆಯ ರೀತಿ ಗೊತ್ತಿರಲಿಲ್ಲ. ಅಷ್ಟು ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವುದನ್ನು ಕಂಡು, ಎಷ್ಟು ಚೆನ್ನಾಗಿವೆ, ಒಂದೂ ಸೊರಗಿಲ್ಲ ಎಂದುಬಿಟ್ಟೆ. ಅವಳ ತಾಯಿ ಮುನಿಶಾಮಮ್ಮನ ಮುಖ ಬಿಗಿಯಿತು.

“ಏನ್ ಚೆನ್ನಾಗೈತೋ ತಾಯಿ. ಅರ್ಧಕ್ಕರ್ಧ ಸೀಕು. ಗೂಡು ಕಟ್ಟಿದ್ರೆ ನಮ್ ಪುಣ್ಯ.”

ಹೊರಗೆ ಬಂದ ಮೇಲೆ ಯಶೋಧರಾ ನನ್ನ ತೋಳು ಚಿವುಟಿದಳು. “ಹುಳಾನ ಬಾಯ್ತುಂಬ ಹೊಗಳ್ಬಾರ್ದು ಕಣೇ ರೂಪ, ದೃಷ್ಟಿಯಾಗ್ತದೆ. ನಮ್ಮೂರಲ್ಲಿ ಹಂಗೆ ಹೊಗಳೋರು ಒಂದೋ ಹೊಟ್ಟೆಕಿಚ್ಚಿನೋರು, ಇಲ್ಲ ಆಡ್ಕೊಳ್ಳೋರು.”

“ಅದಕ್ಕೇ ನೀನು ಆ ಡಾಕ್ಟರಮ್ಮನ ಗದ್ಯಕ್ಕೆ ವ್ಯಂಗ್ಯ ಅಂತ ಹಾಕಿದ್ದು!”

ಅವಳು ನಿಂತಳು. ಆಮೇಲೆ ಕೂತು ನಗತೊಡಗಿದಳು. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ತೆಗೆದು ನೋಡಿದೆವು. ಮನಸಾರೆ ಮೆಚ್ಚಿದ ಕಡೆಯೆಲ್ಲ ವ್ಯಂಗ್ಯ; ಎಲ್ಲಿ ಲೇಖಕರು ಪರವಾಗಿಲ್ಲ ಎಂದಷ್ಟೇ ಬರೆದಿದ್ದರೋ ಅಲ್ಲಿ ಅಪಾರ ಮೆಚ್ಚುಗೆ ಎಂದು ಹಾಕಿದ್ದಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು: ‘ಇವರಿಗೆ ದೃಷ್ಟಿಯ ಭಯವಿಲ್ಲ.’ ಅಂದಿನಿಂದ ಉತ್ತರಗಳು ಸರಿಯಾಗತೊಡಗಿದವು.

ಪರೀಕ್ಷೆಯ ದಿನ ಚಿಕ್ಕಬಳ್ಳಾಪುರದ ಕೇಂದ್ರದಿಂದ ಹೊರಬಂದವಳು ಮೊದಲು ಹೇಳಿದ್ದು ಕೊನೆಯ ಗದ್ಯದ ವಿಷಯ. ಒಂದು ಸಮಿತಿಯ ದೂರದೃಷ್ಟಿಯನ್ನು, ಪರಿಶ್ರಮವನ್ನು ಕೊಂಡಾಡಿದ್ದರಂತೆ. ತನ್ನ ಹೊಸ ನಿಯಮದಂತೆ ಪ್ರಶಂಸೆ ಎಂದು ಗುರುತು ಹಾಕಿಯೂ ಆಗಿತ್ತಂತೆ. ಆದರೆ ಯಾಕೋ ಸಮಾಧಾನವಾಗಲಿಲ್ಲವಂತೆ.

“ಮಾರ್ಕೆಟ್‌ನಲ್ಲಿ ಗೂಡು ಕೊಳ್ಳೋರು ಮೇಲಿಂದ ನೋಡಿ ಒಪ್ಕೊಳ್ಳಲ್ಲ. ತಳಕ್ಕೆ ಕೈ ಹಾಕಿ ಒಂದ್ ಹಿಡಿ ಎತ್ತಿ ನೋಡ್ತಾರೆ,” ಎಂದಳು. “ನಾನೂ ಹಂಗೇ ನೋಡ್ದೆ. ಆ ಸಮಿತಿಯೋರು ಒಂಬತ್ತು ವರ್ಷ ಮೀಟಿಂಗ್ ಮಾಡಿ, ಇನ್ನೊಂದ್ ಮೀಟಿಂಗ್ ಮಾಡಣ ಅಂತ ತೀರ್ಮಾನ ಮಾಡವ್ರೆ. ಇದು ಹೊಗಳಿಕೆ ಅಲ್ಲ ಅಂದ್ಕೊಂಡು ವ್ಯಂಗ್ಯ ಅಂತ ಬದಲಾಯಿಸ್ದೆ.”

ಆ ಸಲ ಇಂಗ್ಲಿಷ್ ವಿಭಾಗ ದಾಟಿದಳು. ಮುಂದಿನ ಹಂತದ ಮುಖ್ಯ ಪರೀಕ್ಷೆಯೂ ಪಾಸಾಯಿತು. ನಾನು ಮಾತ್ರ ಬ್ಯಾಂಕ್ ಪರೀಕ್ಷೆ ಬಿಟ್ಟು ಬಿ.ಎಡ್. ಸೇರಿ ಶಿಕ್ಷಕಿಯಾದೆ.

ಯಶೋಧರಾ ಈಗ ಗೌರಿಬಿದನೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತೆ. ಭಾನುವಾರಗಳಂದು ಶಿಡ್ಲಘಟ್ಟದ ಗ್ರಂಥಾಲಯದಲ್ಲಿ ಆರು ಜನ ಹುಡುಗಿಯರಿಗೆ ಇಂಗ್ಲಿಷ್ ಗದ್ಯ ಓದುವುದನ್ನು ಹೇಳಿಕೊಡುತ್ತಾಳೆ.