ಯೀಸ್ಟಿಗೂ ಎಣ್ಣೆ-ಅರಿಶಿನ

ನನ್ನ ಮೊಮ್ಮಗಳು ಪಿಎಚ್.ಡಿ. ಗೆದ್ದಳು! ಇವತ್ತು ಮಧ್ಯಾಹ್ನ, ನನ್ನ ಕಣ್ಣೆದುರಿಗೇ! ಮೂರನೇ ಇಯತ್ತೆ ದಾಟದ ಬನಹಟ್ಟಿಯ ನೇಕಾರ ಮುದುಕಿ ನಾನು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಅವಳು ಓದಿದ್ದು ಯೀಸ್ಟು ಜೋಡಿಯಾಗುವ ಬಗೆಯನ್ನು. ಹೌದು, ಪಾವ್ ಉಬ್ಬಿಸುವ ಯೀಸ್ಟೇ! ಅದರಲ್ಲೂ ಎರಡು ಬಗೆ. ಒಂದು ಇನ್ನೊಂದರ ವಾಸನೆ ಹಿಡಿದು ಅತ್ತ ಮೂತಿ ಚಾಚುತ್ತದಂತೆ. ಎತ್ತ ಚಾಚಬೇಕೆಂಬ ಗುರುತು ಅದರ ಮೈಪೊರೆಯ ಕೊಬ್ಬಿನಲ್ಲಿದೆ. ಆ ಗುರುತು ಹಾಕುವುದು ಒಂದು ಕಿಣ್ವ. ಕಿಣ್ವ ತೆಗೆದರೆ ಮೂತಿಯೂ ಇಲ್ಲ, ಜೋಡಿಯೂ ಇಲ್ಲ.

ಹೋದ ವಾರ ಊರಿಗೆ ಬಂದಾಗ ಅವಳದು ಅಳುಮೋರೆ. ತುಂಬಿದ ಸಭೆಯಲ್ಲಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಬಾಯಿ ಕಟ್ಟಿದರೆ ಇಷ್ಟು ವರ್ಷದ ದುಡಿತ ನೀರುಪಾಲು ಎಂಬ ಭಯ. ಮಗ್ಗ ನಿಲ್ಲಿಸಿ ನಾನೇ ಪರೀಕ್ಷಕಳಾದೆ.

"ನನಗ ತಿಳಿಯೂ ಹಂಗ ಹೇಳವಾ."

ಹೇಳಿದಳು.

"ಅಂದ್ರ ಆ ಕಿಣ್ವ, ಮದುವ್ಯಾಗ ಎಣ್ಣಿ-ಅರಿಶಿಣ ಹಚ್ಚೂ ಮುತ್ತೈದಿ ಇದ್ದಂಗ!"

"ಆಯಿ, ಏನರ ಅಂತೀ ಬೇ!"

"ಒಂದ ಕಡೆಯವ್ರಿಗಷ್ಟ ಹಚ್ಚಿದ್ರ?"

"ಜೋಡಿ ಕಡಿಮಿ ಆಗ್ತಾವು. ಎರಡೂ ಕಡೆ ಇರಬೇಕು."

"ನೋಡ ಮತ್ತ! ಅದಕ್ಕ ನಾವು ಗಂಡಿಗೆ ಹಚ್ಚಿ ಉಳಿದಿದ್ದನ್ನ ಹೆಣ್ಣಿನ ಮನಿಗೆ ಕಳಸೂದು."

ಇವತ್ತು ಆ ಸಭೆಗೆ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಹೋಗಿದ್ದೆವು. ಕೊನೆಗೆ ಹಿರಿಯ ಪರೀಕ್ಷಕರು ನಮ್ಮತ್ತ ನೋಡಿ, "ನಿಮ್ಮ ಮನಿಯವ್ರಿಗೆ ತಿಳಿಯೂ ಹಂಗ ಹೇಳ್ರಿ. ಒಂದ ಕಡೆ ಕಿಣ್ವ ಇದ್ರ ಸಾಲೂದಿಲ್ಲೇನು?" ಎಂದರು.

ಹುಡುಗಿ ಲೋಟ ಎತ್ತಿದಳು. ನೀರು ಕುಡಿದಳು. ಕಾಗದ ತಿರುವಿದಳು. ನಾನು ಸೊಸೆಯ ಕೈ ಹಿಂಡುತ್ತಿದ್ದೆ. ಆಗ ಮೊಮ್ಮಗಳ ಕಣ್ಣು ನನ್ನ ಮೇಲೆ ಬಿತ್ತು, ತುಟಿ ಅರಳಿತು. ಎಣ್ಣೆ-ಅರಿಶಿನದ ಕಥೆ ಗಂಡಿನ ಮನೆಯಿಂದ ಹೆಣ್ಣಿನ ಮನೆಯವರೆಗೂ ಸುರುಳಿ ಬಿಚ್ಚಿದಂತೆ ಬಂತು. ಸಭೆಯೆಲ್ಲ ನಗು!

"ಇದನ್ನ ಕಲಿಸಿದವ್ರು ಯಾರ್‍ರಿ?" ಎಂದರು ಪರೀಕ್ಷಕರು. ಅವಳು ನನ್ನತ್ತ ಕೈ ಮಾಡಿದಳು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತು ಎಲ್ಲರಿಗೂ ಕೈ ಮುಗಿದೆ. ಸೊಸೆ ಎಳೆದು ಕೂರಿಸಿದಳು: "ಕೂಡ್ರಿ ಅತ್ತಿ, ಪದವಿ ನಿಮಗಲ್ಲ!"

ಸ್ವಲ್ಪ ಹೊತ್ತಿಗೆ ಮೊಮ್ಮಗಳು ಪಾಸಾದಳೆಂದು ಹೇಳಿದರು. ನಾನು ಸೀಟಿ ಹೊಡೆದೆನಂತೆ. ನನಗೆ ನೆನಪಿಲ್ಲ.

ಸಂಜೆ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತೆವು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಎಂದೂ ತಮಾಷೆ ಮಾಡದ ನನ್ನ ಮಗ ಬಡಿಸಲು ಎದ್ದು, ತನ್ನ ಮಗಳ ಮುಂದೆ ಬಗ್ಗಿ, "ಡಾಕ್ಟರ್ ಬಾಯಾರ, ಇನ್ನೊಂದ ಹಾಕಲೇನ್ರಿ?" ಎಂದ.

ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ ಅವಳು ಎರಡು ಬೆರಳೆತ್ತಿದಳು.