ಕುದುರೆಯ ಮುಂದೆ ಕಂದೀಲು

ಮೂವತ್ತೆರಡು ವರ್ಷದಿಂದ ಕುದುರೆಗಳ ಕಾಲು ಹಿಡಿಯುತ್ತಿದ್ದೇನೆ. ಬೆನ್ನು ಮಾತ್ರ ಹೋದ ಸೋಮವಾರದವರೆಗೆ ಹತ್ತಿರಲಿಲ್ಲ.

ನಕ್ಕಿರಾ? ನಗ್ರಿ. ಹುನಗುಂದದಲ್ಲಿ ನನ್ನ ಅಂಗಡಿ ನೋಡಿದವರು ಈಗಾಗಲೇ ನಕ್ಕು ಮುಗಿಸಿದ್ದಾರೆ. ಎತ್ತಿನ, ಕುದುರೆಯ ಗೊರಸಿಗೆ ಕಬ್ಬಿಣದ ನಾಲು ಬಡಿಯುವುದು ನನ್ನ ಕಸುಬು. (ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಮೇಲೆ ಬಾಜೂಕ್ಕೆ ಒಂದು ವೆಲ್ಡಿಂಗ್ ಮಶೀನೂ ಇಟ್ಟಿದ್ದೇನೆ. ಗೇಟು, ಕಿಡಕಿ ಬೇಕಾದವರು ಬರಬಹುದು.) ಗೊರಸು ನೋಡಿದರೆ ಸಾಕು, ಆ ಪ್ರಾಣಿ ನಮ್ಮ ಎರೆ ಹೊಲ ತುಳಿದದ್ದೋ, ಬದಾಮಿ ಕಡೆಯ ಕಲ್ಲು ತುಳಿದದ್ದೋ ಹೇಳಿಬಿಡುತ್ತೇನೆ. ಇಂಥವನು ಕುದುರೆ ಮೇಲೆ ಕೂತೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಸೋಮವಾರ ಸಂಜೆ ನಾಲ್ಕೂವರೆಗೆ ರಾಜೇಸಾಬ ಹೇಳಿ ಕಳಿಸಿದ. ನನ್ನ ವಾರಗೆಯವನು. ಅವನ ಹತ್ತಿರ ರೇಷ್ಮಾ ಎಂಬ ಒಂದು ಬಿಳಿ ಕುದುರೆ ಇದೆ. ಮದುವೆ ಮೆರವಣಿಗೆಯಲ್ಲಿ ಮದಲಿಂಗನನ್ನು ಹೊರುವುದು ಅದರ ಕೆಲಸ. ಅದರ ದುಡಿಮೆಯ ಮೇಲೆ ಆ ಮನೆಯ ಒಲೆ ಉರಿಯುತ್ತದೆ.

ಹೋಗಿ ನೋಡಿದರೆ ರಾಜೇಸಾಬ ಹೊರಸಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಮುಂಜಾನೆ ಸೆಗಣಿ ಬಾಚುವಾಗ ಜಾರಿ ಬಿದ್ದು, ಹಿಮ್ಮಡಿಯ ಮೇಲೆ ಬದನೆಕಾಯಿಯಷ್ಟು ಬಾವು. ಅದೇ ರಾತ್ರಿ ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ ಮೆರವಣಿಗೆ. ಕುದುರೆ ಒಯ್ಯಲು ಅವನ ತಮ್ಮ ಬದಾಮಿಯಿಂದ ಬರಬೇಕಿತ್ತು, ಬಂದಿರಲಿಲ್ಲ. ಟೆಂಪೋದಲ್ಲಿ ಹಾಕಿ ಕಳಿಸೋಣವೆಂದರೆ ಹಿಂದೊಮ್ಮೆ ಅದರಿಂದ ಬಿದ್ದ ಮೇಲೆ ರೇಷ್ಮಾ ಟೆಂಪೋ ಹತ್ತುವುದಿಲ್ಲ.

"ಎಂಟೂವರಿ, ಒಂಬತ್ತರೊಳಗ ಮುಟ್ಟಬೇಕು. ಇಲ್ಲಂದ್ರ ಹೂವಿನ ಕಾರು ತರಸ್ತಾರಂತ. ಒಮ್ಮಿ ಆ ಓಣ್ಯಾಗ ಕಾರು ಬಂತಂದ್ರ ಮುಗೀತು ನೋಡು. ನಾಳೆ ಬಾಜೂ ಮನ್ಯಾವ್ರಿಗೂ ಕಾರ ಬೇಕು," ಅಂದ ರಾಜೇಸಾಬ.

ಸುಳ್ಳಲ್ಲ. ಬಾಗಲಕೋಟೆಯ ಮೂರು ಮದುವೆ ಕುದುರೆಗಳಿಗೆ ನಾನೇ ನಾಲು ಬಡಿಯುತ್ತಿದ್ದೆ. ಕಾರಿನ ಶೋಕಿ ಬಂದ ಎರಡೇ ವರ್ಷಕ್ಕೆ ಮೂರೂ ಮಾರಾಟವಾದವು.

"ನಾ ಮುಟ್ಟಸ್ತೇನಿ," ಅಂದೆ.

"ನಿನಗ ಹತ್ತಾಕ ಬರತೈತೇನಲೇ?"

"ಅದರ ನಾಕೂ ಕಾಲಿಗೆ ನಾಲ ಬಡದಾಂವ ನಾ. ನನಗ ಕೇಳ್ತಿ?"

(ಇದು ಅವನ ಪ್ರಶ್ನೆಗೆ ಉತ್ತರವಲ್ಲ. ಬರೆಯುವಾಗ ಗೊತ್ತಾಗುತ್ತಿದೆ.)

"ಆತು, ಹಂಗಾದ್ರ ಕೇಳು. ಕತ್ತಲಾಗೂದ್ರಾಗ ಯಾರ ಕೈಯಾಗರ ಕಂದೀಲ ಕೊಟ್ಟು ಮುಂದ ನಡಸು. ಮುಂದೊಂದು ದೀಪ ಇರಲಿ. ಮತ್ತ ಊರಾಗ ಹೊಕ್ಕ ಮ್ಯಾಲೆ..."

"ನನ್ನ ಕಣ್ಣಿಗೇನಾಗೇತಿ? ದೀಪ ಹಿಡದು ದಾರಿ ತೋರಸಾಕ ನಾ ಏನ್ ಮುದುಕನೇನು?"

ರಾಜೇಸಾಬ ತೆರೆದ ಬಾಯಿ ಮುಚ್ಚಿದ. ನಾನು ಮನೆಗೆ ಹೋಗಿ ಹೊಸ ಕೊಲ್ಹಾಪುರಿ ಚಪ್ಪಲಿ ಮೆಟ್ಟಿಕೊಂಡು ಬಂದೆ. ಕುದುರೆ ಮೇಲೆ ಕೂತವನದು ಮೊದಲು ಕಾಲೇ ಅಲ್ಲವೇ ಕಾಣುವುದು?

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾನು ಐದನೇತ್ತಾ ಅರ್ಧಕ್ಕೇ ಶಾಲೆ ಬಿಟ್ಟವನು. ಎತ್ತು ಒದ್ದು ಅಪ್ಪನ ಮಣಿಕಟ್ಟು ಮುರಿಯಿತು, ಹಗ್ಗ ಹಿಡಿಯಲು ಒಂದು ಕೈ ಬೇಕಾಗಿತ್ತು, ಆ ಕೈ ನನ್ನದಾಯಿತು. ಆವತ್ತಿನಿಂದ ಯಾರಾದರೂ "ಇಲ್ಲಿ ಕೇಳು" ಎಂದು ಶುರು ಮಾಡಿದರೆ ನನಗೆ ಕಿವಿ ಮುಚ್ಚುವ ಅಭ್ಯಾಸ. ಅರ್ಧ ಕೇಳುತ್ತೇನೆ, ಉಳಿದ ಅರ್ಧ ನಾನೇ ತುಂಬಿಕೊಳ್ಳುತ್ತೇನೆ. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ತುಂಬಿಕೊಂಡಿರುತ್ತೇನೆ. ತೊಂದರೆ ಅದೇ. ಹತ್ತಕ್ಕೆ ಹತ್ತೂ ತಪ್ಪಿದ್ದರೆ ಯಾವತ್ತೋ ಬಿಟ್ಟಿರುತ್ತಿದ್ದೆ.

ಇರಲಿ. ಕಟ್ಟೆಯ ಪಕ್ಕ ನಿಲ್ಲಿಸಿ ಹತ್ತಿದೆ. ಬೀಳಲಿಲ್ಲ. ಕುದುರೆಯ ಸಿಂಗಾರದ ಗಂಟು ಜೀನಿಗೆ ಕಟ್ಟಿತ್ತು, ಒಳಗೆ ಗೆಜ್ಜೆ ಸಣ್ಣಗೆ ಸದ್ದು ಮಾಡುತ್ತಿತ್ತು. ಹೈವೇಯಲ್ಲಿ ಗ್ರಾನೈಟ್ ಕಲ್ಲು ಹೇರಿದ ಲಾರಿಗಳು. ಅವುಗಳ ಸಹವಾಸ ಬೇಡವೆಂದು ಹೊಲದ ನಡುವಿನ ಬಂಡಿದಾರಿ ಹಿಡಿದೆ. ಹದಿಮೂರು ಕಿಲೋಮೀಟರ್ ಇರಬಹುದು.

ಖರೆ ಹೇಳಬೇಕೆಂದರೆ, ಮೊದಲ ಒಂದು ತಾಸು ಭಾಳ ಚಲೋ ಇತ್ತು. ಎರಡೂ ಕಡೆ ಕಡಲೆ ಹೊಲ. ಥಂಡಿ ಬಿದ್ದಾಗ ಕಡಲೆಯ ಎಲೆಯಿಂದ ಒಂದು ಹುಳಿ ವಾಸನೆ ಬರುತ್ತದಲ್ಲ, ಅದು. ಜೋಳದ ಬೆಳೆ ನನ್ನ ಮೊಣಕಾಲಿನ ಕೆಳಗಿತ್ತು. ನೆಲದ ಮೇಲೆ ನಿಂತರೆ ಅದೇ ಜೋಳ ನನ್ನ ಎದೆಗೆ ಬರುತ್ತದೆ. ಯಾರಾದರೂ ನೋಡಲಿ ಎನಿಸಿತು. ನೋಡಿದ್ದು ಒಬ್ಬನೇ, ಮೇವಿನ ಹೊರೆ ಹೊತ್ತವನು.

"ಏನ್ರಿ, ಈ ವಯಸ್ಸಿನ್ಯಾಗ ಮತ್ತೊಂದ್ ಮದುವಿ?" ಅಂದ.

ಹೊರೆ ಹೊತ್ತವನ ಹತ್ತಿರ ವಾದ ಮಾಡಬಾರದು. ಮುಂದೆ ಹೋದೆ.

ಚಳಿಗಾಲದ ಹೊತ್ತು ನಿಮಗೆ ಗೊತ್ತು. ಆರಕ್ಕೆ ಕೆಂಪಗಿದ್ದದ್ದು ಆರೂವರೆಗೆ ಕಾಡಿಗೆಯಂತೆ ಕಪ್ಪು. ಕತ್ತಲು ಪೂರ್ತಿ ಇಳಿಯಿತು, ರೇಷ್ಮಾ ನಿಂತಳು.

ನಿಂತಳು ಅಂದರೆ ನಿಂತಳು. ಹಿಮ್ಮಡಿ ತಾಗಿಸಿದೆ. ಲಗಾಮು ಸಡಿಲು ಬಿಟ್ಟೆ, ಬಿಗಿ ಹಿಡಿದೆ. "ನಡಿಯವಾ ನನ್ನವ್ವಾ" ಎಂದೆ. ಇಳಿದು ಮುಂದೆ ನಿಂತು ಎಳೆದೆ. ಹುಣಸೆ ಮರದ ಬೊಡ್ಡೆ ಎಳೆದಂತೆ.

ನಾಲು ಬಡಿಯುವವನು ಆಗ ಏನು ಮಾಡುತ್ತಾನೆ? ಕಾಲು ಎತ್ತಿ ನೋಡುತ್ತಾನೆ. ನಾಲ್ಕೂ ಕಾಲು ಒಂದೊಂದಾಗಿ ತೊಡೆಯ ಮೇಲೆ ಇಟ್ಟುಕೊಂಡು ಕತ್ತಲಲ್ಲೇ ಕೈಯಾಡಿಸಿದೆ. ಹದಿನೈದು ದಿನದ ಹಿಂದೆ ನಾನೇ ಬಡಿದ ನಾಲು. ಒಂದು ಮೊಳೆಯೂ ಅಲುಗಿರಲಿಲ್ಲ. ಹರಳು ಸಿಕ್ಕಿರಲಿಲ್ಲ, ಮುಳ್ಳು ಚುಚ್ಚಿರಲಿಲ್ಲ. ಕೆಲಸ ಬರೋಬ್ಬರಿ ಇತ್ತು ಎಂದು ಸಂತೋಷವೂ ಆಯಿತು, ಹಾಗಾದರೆ ಯಾಕೆ ನಡೆಯುತ್ತಿಲ್ಲ ಎಂದು ಸಿಟ್ಟೂ ಬಂತು.

ಬೀಡಿ ಹಚ್ಚಲು ಕಡ್ಡಿ ಗೀರಿದೆ. ರೇಷ್ಮಾ ಒಂದು ಹೆಜ್ಜೆ ಮುಂದೆ ಬಂದಳು. ಕಡ್ಡಿ ಆರಿತು, ನಿಂತಳು. ಬೀಡಿಯ ವಾಸನೆ ಹಿಡಿಸುತ್ತದೆಯೋ ಏನೋ ಎಂದುಕೊಂಡೆ.

(ಮೂವತ್ತೆರಡು ವರ್ಷದ ಅನುಭವ ಅಂದರೆ ಇದು.)

ಅಷ್ಟರಲ್ಲಿ ಕಡಲೆ ಹೊಲದಾಚೆಯ ಗುಡಿಸಲಿನಿಂದ ಒಂದು ಕಂದೀಲು ಹೊರಬಿತ್ತು. ಹಂದಿಗಳಿಂದ ಬೆಳೆ ಕಾಯಲು ಕೂತ ಮುದುಕಿ. ಗೌರವ್ವ ಅಂತ ಹೆಸರು, ಆಮೇಲೆ ಗೊತ್ತಾಯಿತು.

"ಯಾರಾಂವ? ಕಡ್ಲಿ ಕೀಳಾಕ ಬಂದೀಯೇನು?"

"ಕುದರಿ ಮ್ಯಾಲೆ ಬಂದು ಕಡ್ಲಿ ಕದಿಯೂದುಂಟೇನ ಯವ್ವಾ?"

ಹತ್ತಿರ ಬಂದು ಕಂದೀಲು ಎತ್ತಿ ನೋಡಿದಳು. ಮೊದಲು ಕುದುರೆಯ ಮುಖ, ಆಮೇಲೆ ನನ್ನದು.

"ಇದು ರಾಜೇಸಾಬನ ಕುದರಿ ಅಲ್ಲಾ? ನಮ್ಮ ಸಣ್ಣ ಮಗನ ಮೆರವಣಿಗಿಗೆ ಇದ ಬಂದಿತ್ತು. ನೀ ಯಾರಪಾ?"

"ಇದಕ್ಕ ನಾಲ ಬಡಿಯಾಂವ. ಇಳಕಲ್ಲಿಗೆ ಒಯ್ಯಾಕತ್ತೇನಿ. ನಿಂತಬಿಟ್ಟೈತಿ. ಕಾಲಾಗ ಏನೂ ಇಲ್ಲ. ತಲ್ಯಾಗ ಏನೋ ಆಗೇತಿ."

"ಬಾ, ಒಂದ್ ತಂಬಗಿ ನೀರ ಕುಡದು ಹೋಗುವಂತಿ," ಎಂದು ಗೌರವ್ವ ಗುಡಿಸಲಿನ ಕಡೆ ತಿರುಗಿ ನಡೆದಳು.

ರೇಷ್ಮಾ ಅವಳ ಹಿಂದೆ ಹೊರಟಳು. ಲಗಾಮು ನನ್ನ ಕೈಯಿಂದ ಜಾರಿ ಹೋಯಿತು. ಕುತ್ತಿಗೆ ಎತ್ತಿ, ಹೆಜ್ಜೆ ಎಣಿಸಿ ಇಡುತ್ತ, ಥೇಟ್ ಮೆರವಣಿಗೆಯ ನಡಿಗೆ. ಗೌರವ್ವ ನಿಂತಳು, ಕುದುರೆಯೂ ನಿಂತಿತು. ಕಂದೀಲನ್ನು ಸೆರಗಿನ ಹಿಂದೆ ಮುಚ್ಚಿದಳು, ಅಲುಗಲಿಲ್ಲ. ತೆಗೆದು ನಾಲ್ಕು ಹೆಜ್ಜೆ ಇಟ್ಟಳು, ಹಿಂದೆ ನಾಲ್ಕು ಹೆಜ್ಜೆ. ಮುದುಕಿ ಒಡ್ಡಿನ ಮೇಲೆ ಕೂತು ನಗತೊಡಗಿದಳು.

"ಯಪ್ಪಾ, ಇದಕ್ಕ ರಾತ್ರಿ ಅಂದ್ರ ಮೆರವಣಿಗಿ. ಮುಂದ ಗ್ಯಾಸಬತ್ತಿ ಇಲ್ದ ಕತ್ತಲಾಗ ಎಂದರ ನಡದೈತೇನ ಪಾಪ? ರಾಜೇಸಾಬ ಹೇಳಲಿಲ್ಲೇನು?"

"ಹೇಳಿದ್ದ."

"ಮತ್ತ?"

ದೀಪ ನನ್ನ ಕಣ್ಣಿಗಲ್ಲ, ಕುದುರೆಗೆ. ನನ್ನ ಅಂಗಡಿಗೆ ಕುದುರೆ ಬರುವುದು ಹಗಲಿನಲ್ಲಿ. ರಾತ್ರಿಯ ಕುದುರೆ ನನಗೆ ಗೊತ್ತೇ ಇರಲಿಲ್ಲ.

"ನೀ ಹತ್ತು. ಡಾಂಬರ ರೋಡಿನ ತನಾ ನಾ ಮುಂದ ಕಂದೀಲ ಹಿಡದು ಬರ್ತೇನಿ," ಅಂದಳು ಗೌರವ್ವ.

ತಾಯಿಯ ವಯಸ್ಸಿನವಳು ದೀಪ ಹಿಡಿದು ಮುಂದೆ, ನಾನು ಮದಲಿಂಗನಂತೆ ಮೇಲೆ. ಅಷ್ಟು ನಾಚಿಕೆ ನನಗೂ ಇದೆ. ಕಂದೀಲು ಇಸಿದುಕೊಂಡೆ. ನಿನಗೆ ಬೆಳಕು ಬೇಡವೇ ಎಂದರೆ, "ನನಗ ಹೊಲ ಗೊತ್ತೈತಿ, ನೀ ನಡಿ," ಎಂದಳು. ಮೇಲೆ ಕೂತು ಕಂದೀಲು ಮುಂದೆ ಚಾಚಿ ನೋಡಿದೆ. ಕಿವಿಗೆ ಬಿಸಿ ತಾಗಿ ರೇಷ್ಮಾ ಗಿರ್ರನೆ ಒಂದು ಸುತ್ತು ತಿರುಗಿದಳು. ಗೌರವ್ವ ಮತ್ತೆ ನಗುವ ಮೊದಲೇ ಇಳಿದೆ.

ಎಂಟು ಕಿಲೋಮೀಟರ್ ನಡೆದೆ. ಮುಂದೆ ನಾನು, ಹಿಂದೆ ಖಾಲಿ ಜೀನು. ಹೊಸ ಚಪ್ಪಲಿ ಎರಡನೇ ಕಿಲೋಮೀಟರಿಗೆ ಕಚ್ಚಲು ಶುರು ಮಾಡಿತು. ಥಂಡಿಗೆ ನನ್ನ ಬಾಯಿಂದಲೂ ಹೊಗೆ, ಕುದುರೆಯ ಮೂಗಿನಿಂದಲೂ ಹೊಗೆ. ನಾನು ನಿಧಾನ ಮಾಡಿದಾಗಲೆಲ್ಲ ಅದು ಮೂತಿಯಿಂದ ನನ್ನ ಬೆನ್ನು ದೂಡುತ್ತಿತ್ತು. ಯಾರು ಯಾರನ್ನು ಒಯ್ಯುತ್ತಿದ್ದರು? ಹೇಳುವುದು ಕಷ್ಟ.

ಇಳಕಲ್ಲಿನ ಮೊದಲ ಟ್ಯೂಬ್‌ಲೈಟು ಕಂಡಾಗ ಎಂಟೂವರೆ ದಾಟಿತ್ತು. ಊರಿಗೆ ಬಂದ ಮೇಲೂ ನಡೆಯುವುದೇ? ಇಲ್ಲಿ ಬೆಳಕಿದೆ, ಕುದುರೆಗೆ ಇನ್ನೇನು ಬೇಕು? ಕಂದೀಲಿನ ಬತ್ತಿ ಇಳಿಸಿ ಜೀನಿಗೆ ತೂಗುಹಾಕಿದೆ, ಧೋತರ ಸರಿ ಮಾಡಿಕೊಂಡು ಹತ್ತಿದೆ. ರೇಷ್ಮಾ ಅಚ್ಚುಕಟ್ಟಾಗಿ ನಡೆದಳು. ಮಗ್ಗಗಳ ಲಟಪಟ ಕೇಳುವ ಓಣಿಗೆ ತಿರುಗಿದೆವು. ಮೊದಲ ಮನೆಯ ಬಾಗಿಲು ತೆರೆದಿತ್ತು, ಹೊಸ್ತಿಲಿನಲ್ಲಿ ಬೆಳಕಿತ್ತು.

ರೇಷ್ಮಾ ಅದರ ಮುಂದೆ ನಿಂತಳು.

ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದಳು. ತಲೆ ನರೆತ ಗಂಡಸು, ಬಿಳಿ ಕುದುರೆ, ಬಾಜಾ ಇಲ್ಲ, ಬೀಗರಿಲ್ಲ.

"ಯಾರ ಬೇಕಾಗಿತ್ರಿ?"

ನಾನು ಹಿಮ್ಮಡಿ ತಾಗಿಸಿದೆ, ರೇಷ್ಮಾ ಕದಲಲಿಲ್ಲ. ಎದುರು ಮನೆಯ ಕಟ್ಟೆಯಿಂದ ಒಬ್ಬ ಅಜ್ಜಿ ಕೂಗಿ ಹೇಳಿದಳು: "ಆರತಿ ಆಗೂ ತನಾ ಹೋಗೂದಿಲ್ಲವಾ ಅದು. ಮೆರವಣಿಗಿ ಕುದರಿ, ರೂಢಿ ಆಗೇತಿ. ಬೆಳಗಿ ಕಳಿಸು ಆ ಯಪ್ಪನ್ನ."

ಬೆಳಗಿದಳು. ನಗು ತಡೆದುಕೊಂಡು, ತಟ್ಟೆ ಹಿಡಿದು, ನನಗೆ. ಕುದುರೆ ಹೊರಟಿತು, ಬಾಜೂ ಮನೆಯ ಹೊಸ್ತಿಲಿಗೆ.

"ಮತ್ತ ಊರಾಗ ಹೊಕ್ಕ ಮ್ಯಾಲೆ" ಎಂದು ರಾಜೇಸಾಬ ಶುರು ಮಾಡಿದ್ದ ಉಳಿದ ಅರ್ಧ ಇದು.

ಓಣಿಯನ್ನು ಒಮ್ಮೆ ಕಣ್ಣಳತೆ ಮಾಡಿದೆ. ಮದುವೆ ಮನೆ ಆ ತುದಿಗೆ. ನಡುವೆ ಇಪ್ಪತ್ತು ಬಾಗಿಲಾದರೂ ಇದ್ದವು, ಎಲ್ಲದರಲ್ಲೂ ದೀಪ. ಕೂತೇ ಹೋದರೆ ನನ್ನ ಸವಾರಿ ಉಳಿಯುತ್ತದೆ, ಹೊತ್ತು ಮೀರಿ ಮದುವೆ ಮನೆಗೆ ಕಾರು ಬರುತ್ತದೆ, ರಾಜೇಸಾಬನ ಒಲೆ ಆರುತ್ತದೆ. ಇಳಿದರೆ ಇಷ್ಟು ಮಂದಿಯ ಮುಂದೆ ಇಳಿಯಬೇಕು. ಎಷ್ಟು ಹೊತ್ತು ಯೋಚಿಸಿದೆ ಎಂದು ಹೇಳುವುದಿಲ್ಲ. ಎರಡನೇ ಮನೆಯ ಆರತಿ ಮುಗಿಯುವಷ್ಟು ಹೊತ್ತು ಅಂದುಕೊಳ್ಳಿ.

ಇಳಿದೆ. ಕಂದೀಲಿನ ಬತ್ತಿ ಏರಿಸಿದೆ. ಮೆರವಣಿಗೆಯಲ್ಲಿ ಗ್ಯಾಸಬತ್ತಿ ನಿಂತರೆ ಕುದುರೆ ನಿಲ್ಲುತ್ತದೆ, ಬತ್ತಿ ನಡೆದರೆ ನಡೆಯುತ್ತದೆ, ಅಷ್ಟೇ ಲೆಕ್ಕ. ಟ್ಯೂಬ್‌ಲೈಟಿನ ಕೆಳಗೆ, ಉರಿಯುವ ಕಂದೀಲು ಹಿಡಿದು, ಕುಂಟುತ್ತ, ಒಂದು ಹೊಸ್ತಿಲಿಗೂ ನಿಲ್ಲದೆ ಓಣಿ ದಾಟಿದೆ.

"ಕರೆಂಟ ಐತ್ರೀ ಯಜಮಾನ್ರ, ಕಂದೀಲ ಆರಸ್ರಿ," ಎಂದ ಒಬ್ಬ.

"ಇರಲಿ ಬಿಡೋ, ಹೆಸ್ಕಾಂ ಮ್ಯಾಲೆ ಅವ್ರಿಗೆ ನಂಬಿಗಿ ಇಲ್ಲ," ಎಂದ ಇನ್ನೊಬ್ಬ.

ಮದುವೆ ಮನೆಯ ಯಜಮಾನ ಬಾಗಿಲಲ್ಲೇ ನಿಂತಿದ್ದ. ಒಂಬತ್ತಕ್ಕೆ ಐದು ನಿಮಿಷ. "ಕಾರಿನಾಂವಗ ಫೋನ್ ಹಚ್ಚಾಕ ಹೊಂಟಿದ್ನಿ," ಎಂದವನು ನನ್ನ ಹಿಂದೆ ಮುಂದೆ ನೋಡಿ ಕೇಳಿದ: "ದೀಪದಾಂವ ಬಂದ್ಯಲ್ಲ, ಕುದರಿ ತಂದಾವ್ರು ಎಲ್ಲದಾರ?"

"ನಾನ ತಂದೇನಿ," ಅಂದೆ.

ಅವನಿಗೆ ಕೇಳಿಸಿತೋ ಇಲ್ಲವೋ. ಊಟಕ್ಕೆ ನನ್ನನ್ನು ಗ್ಯಾಸಬತ್ತಿ ಹೊರುವವರ ಪಂಕ್ತಿಯಲ್ಲಿ ಕೂಡಿಸಿದರು. ಹೋಳಿಗೆ ಚಲೋ ಇದ್ದವು.

ಹುಡುಗ ಕುದುರೆ ಏರಿದ, ಮೆರವಣಿಗೆ ಆಯಿತು. ಪ್ರತಿ ಹೊಸ್ತಿಲಿಗೂ ರೇಷ್ಮಾ ನಿಂತಳು, ಪ್ರತಿ ಮನೆಯವರಿಗೂ ಅದು ಭಾಳ ಮರ್ಯಾದೆ ಎನಿಸಿತು. ಕಾರು ಹಾಗೆ ನಿಲ್ಲುತ್ತದೆಯೇ? ಮಾಘದಲ್ಲಿ ಅದೇ ಓಣಿಯ ಇನ್ನೊಂದು ಮದುವೆಗೂ ಕುದುರೆಯೇ ಬೇಕೆಂದು ಮೊನ್ನೆ ಹೇಳಿ ಕಳಿಸಿದ್ದಾರೆ.

"ಹೆಂಗಿತ್ತ ಸವಾರಿ?" ಎಂದು ರಾಜೇಸಾಬ ಕೇಳಿದ. "ಚಲೋ ಇತ್ತು," ಎಂದೆ. ಇದು ಅಚ್ಚಾಗುವ ಪೇಪರು ಅವನ ಮನೆಗೂ ಹೋಗುತ್ತದೆ, ಇನ್ನು ಓದಿಕೊಳ್ಳಲಿ.

ಗುರುವಾರ ಕಂದೀಲು ತಿರುಗಿ ಕೊಡಲು ಗೌರವ್ವನ ಹೊಲಕ್ಕೆ ಹೋದೆ. ಗಾಜು ಒರೆಸಿ, ಎಣ್ಣೆ ತುಂಬಿಸಿ ಒಯ್ದಿದ್ದೆ. ಕುದುರೆ ಹೊತ್ತಿಗೆ ಮುಟ್ಟಿತೇ ಎಂದು ಕೇಳಿದಳು. ಮುಟ್ಟಿತು ಎಂದೆ. ಅವಳು ನನ್ನ ಕಾಲು ನೋಡಿದಳು. ರಬ್ಬರ್ ಚಪ್ಪಲಿ, ಎರಡೂ ಹಿಮ್ಮಡಿಗೆ ಅರಿವೆ ಪಟ್ಟಿ.

"ಇಲ್ಲಿ ಕೇಳು ತಮ್ಮಾ," ಎಂದು ಶುರು ಮಾಡಿದಳು. ಈ ಸಲ ನಡುವೆ ಬಾಯಿ ಹಾಕದೆ, ಪೂರ್ತಿ ಮುಗಿಯುವವರೆಗೆ ನಿಂತು ಕೇಳಿದೆ.

"ಕುದರಿಗೆ ನಾಲ ಬಡಿಯೂ ಮುಂದ ನಿನ್ನ ಕಾಲಿಗೂ ಎರಡು ಬಡಕೊಂಡಿದ್ರ ಏನ ಹೋಗತಿತ್ತು?"